ಗೋಡೆಯೊಳಗಿನ ನೀರಿಗೆ ಒಂದು ಕಿಂಡಿ

ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ಈಚೆಗೆ ಏಳುತ್ತಿರುವ ಹೊಸ ಮನೆಗಳನ್ನು ಹೊಕ್ಕು ನೋಡಿದರೆ ನೀರಿನ ಕೊಳವೆ ಎಲ್ಲಿಯೂ ಕಣ್ಣಿಗೆ ಬೀಳುವುದಿಲ್ಲ. ಗೋಡೆಯನ್ನು ಉದ್ದಕ್ಕೆ ಕೊರೆದು, ಕೊಳವೆಯನ್ನು ಒಳಗೆ ಕೂರಿಸಿ, ಮೇಲೆ ಗಾರೆ ಬಳಿದು, ಅದರ ಮೇಲೆ ಟೈಲ್ಸ್ ಅಂಟಿಸಿಬಿಟ್ಟರೆ ಹೊರಗೆ ಉಳಿಯುವುದು ನಲ್ಲಿಯ ಮೂತಿಯೊಂದೇ. ನೋಟಕ್ಕೆ ಇದು ಸೊಗಸೆಂಬುದರಲ್ಲಿ ಸಂಶಯವಿಲ್ಲ. ನಮ್ಮ ತಂದೆಯವರ ಕಾಲದ ಮನೆಗಳಲ್ಲಿ ಹಿತ್ತಲಲ್ಲೊಂದು ನಲ್ಲಿ, ಅದಕ್ಕೆ ಗೋಡೆಯ ಮೇಲೆಯೇ ಮೊಳೆ ಹೊಡೆದು ನಿಲ್ಲಿಸಿದ ಕಬ್ಬಿಣದ ಕೊಳವೆ ಇರುತ್ತಿತ್ತು. ಅದು ತುಕ್ಕು ಹಿಡಿದರೆ ಮನೆಯವರಿಗಿಂತ ಮೊದಲು ಬಂದ ನೆಂಟರಿಗೇ ಗೊತ್ತಾಗುತ್ತಿತ್ತು! ಇಂದಿನ ಕೊಳವೆಯ ರೋಗ ಹಾಗಲ್ಲ. ಅದು ತಿಂಗಳುಗಟ್ಟಲೆ ಮರೆಯಲ್ಲಿ ಬೆಳೆದು, ಬಣ್ಣ ಉಬ್ಬಿ ಗಾರೆ ಉದುರತೊಡಗಿದ ಮೇಲೆಯೇ ಪ್ರಕಟವಾಗುತ್ತದೆ.

ಬೇರೆ ಸೀಮೆಯಲ್ಲಿ ಇದು ಬರಿಯ ಗೋಡೆಯ ಪ್ರಶ್ನೆಯಾಗಿರಬಹುದು. ನಮ್ಮಲ್ಲಿ ಇದು ನೀರಿನ ಪ್ರಶ್ನೆ. ಅವಿಭಜಿತ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. 2022ರಲ್ಲಿ ಜಿಲ್ಲೆ ಎರಡಾಗಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಮೋಡಗಳು ಮಾತ್ರ ಈ ವಿಭಜನೆಯನ್ನು ಲೆಕ್ಕಿಸಲಿಲ್ಲ. 1995ರಲ್ಲಿ ಆರಂಭವಾದ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಏಳುನೂರಕ್ಕೂ ಹೆಚ್ಚು ಗ್ರಾಮಗಳಿಗೆ ನೀರು ತಂದಿತು. ಹಿಂದೂಪುರಕ್ಕೆ ಪೆನ್ನಾ ಅಹೋಬಿಲಂ ಜಲಾಶಯದ ನೀರು ನೂರು ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ಹರಿದು ಬಂದಿದೆ. ಇಷ್ಟು ದೂರದಿಂದ ಬಂದ ನೀರು ನಮ್ಮ ಸ್ನಾನದ ಮನೆಯ ಗೋಡೆಯೊಳಗೆ ಸೋರಿ ಇಂಗಿಹೋಗುವುದೆಂದರೆ ಸಹಿಸುವ ಮಾತಲ್ಲ.

ಕೊಳವೆಯನ್ನು ಮರೆಮಾಡುವುದೇ ತಪ್ಪೆಂದು ನನ್ನ ವಾದವಲ್ಲ. ನೀರನ್ನು ಮರೆಯಲ್ಲಿ ಹರಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೂ ಅಲ್ಲ. ಹಿಂದೂಪುರದಿಂದ ಗಡಿ ದಾಟಿದರೆ ಸಿಕ್ಕುವ ಗೌರಿಬಿದನೂರು ತಾಲ್ಲೂಕಿನಲ್ಲಿ, ಕಲ್ಲೋಡಿ ಗ್ರಾಮದಲ್ಲಿ, 1388ರ ಒಂದು ಶಾಸನವಿದೆ. ಪೆನುಗೊಂಡೆಯಲ್ಲಿದ್ದ ಪ್ರತಾಪ ಬುಕ್ಕರಾಯನ ಅಪ್ಪಣೆಯಂತೆ ಜಲಸೂತ್ರದ ಸಿಂಗಾಯಭಟ್ಟನೆಂಬಾತನು ಹೆನ್ನೆ ನದಿಯ, ಎಂದರೆ ನಮ್ಮ ಪೆನ್ನಾರಿನ, ನೀರನ್ನು ಕಾಲುವೆಯ ಮೂಲಕ ಸಿರುವರದ ಕೆರೆಗೆ ತಂದನೆಂದು ಅದು ಹೇಳುತ್ತದೆ. ಕಾಲುವೆಯೇನೋ ಬಯಲಿನಲ್ಲಿ ಹರಿಯುವಂಥದು. ಆದರೆ ಕೆರೆಯ ನೀರು ಗದ್ದೆಗೆ ಇಳಿಯಬೇಕಾದರೆ ಏರಿಯ ಅಡಿಯಲ್ಲಿ ಮರೆಯಾಗಿಯೇ ಸಾಗಬೇಕು. ಅದಕ್ಕೆ ತೂಬು ಬೇಕು. ಎರಡು ಕಲ್ಲುಕಂಬ, ನಡುವೆ ತೂತುಳ್ಳ ಚಪ್ಪಡಿ, ಆ ತೂತನ್ನು ಮುಚ್ಚುವ ಬಿರಡೆ, ಅದರ ಕೆಳಗೆ ಏರಿಯನ್ನು ಹಾದು ಆಚೆಯ ತೊಟ್ಟಿಗೆ ತೆರೆಯುವ ಕಲ್ಲಿನ ದೋಣಿ: ನೀರಗಂಟಿಯ ವಶದಲ್ಲಿದ್ದ ಈ ಏರ್ಪಾಡನ್ನು ಈಗಲೂ ನಮ್ಮ ಹಳೆಯ ಕೆರೆಗಳಲ್ಲಿ ಕಾಣಬಹುದು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಹೂಳು ಕಟ್ಟಿದಾಗ ಎರಡು ಕಡೆಯಿಂದಲೂ ಒಳಗೆ ಕೈ ಹಾಕಲು ಅವಕಾಶವಿದೆ. ಕೆರೆ ಬತ್ತಿದಾಗ ಒಳಬದಿಯ ಚಪ್ಪಡಿಯನ್ನು ಎತ್ತಬಹುದು. ಹೊರಬದಿಯ ತೊಟ್ಟಿಯಂತೂ ಸದಾ ತೆರೆದೇ ಇರುತ್ತದೆ. ಈ ದಾರಿ ಇಲ್ಲದಿದ್ದಲ್ಲಿ ಮರೆಯ ಸಂದಿನಲ್ಲಿ ನುಸುಳಿದ ನೀರು ಏರಿಯ ಮಣ್ಣನ್ನು ಒಳಗಿಂದೊಳಗೇ ಕೊರೆದು, ಒಂದು ಮಳೆಗಾಲದ ರಾತ್ರಿ ಕೆರೆಯನ್ನೇ ಒಡೆದುಬಿಡಬಲ್ಲದು.

ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನದಲ್ಲಿ ಕೆರೆಯ ಆರು ದೋಷಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಕಟ್ಟೆಯಿಂದ ನೀರು ಒಸರುವುದು ಒಂದು. ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು! ಗಡಿನಾಡಿನವರಾದ ನಾವು ಎರಡನೆಯ ದೋಷಕ್ಕೆ ಮಾಡುವುದೇನೂ ಇಲ್ಲ, ಮೊದಲನೆಯದನ್ನಾದರೂ ತಡೆಯಬಹುದು.

ವಿಜಯಪುರದ ಆದಿಲಶಾಹಿ ಅರಸರು ಇನ್ನೂ ಮುಂದೆ ಹೋದರು. ಮಹಮ್ಮದ್ ಆದಿಲ್ ಷಾನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ್ ಕಟ್ಟಿದಾಗ ಊರಿಗೆ ನೀರು ತಂದದ್ದು ನೆಲದಾಳದಲ್ಲಿ ಹೂತ ಮಣ್ಣಿನ ಕೊಳವೆಗಳಲ್ಲಿ. ಕೊಳವೆಗಳ ಸುತ್ತ ಗಾರೆಕಲ್ಲಿನ ಕವಚ. ಕೆಲವೆಡೆ ಐವತ್ತು ಅಡಿಯವರೆಗೂ ಆಳ. ದಾರಿಯುದ್ದಕ್ಕೂ ಅಲ್ಲಲ್ಲಿ ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರದ ಗೋಪುರಗಳನ್ನು ನಿಲ್ಲಿಸಿದರು. ಗಂಜ್ ಎಂದು ಕರೆಯುವ ಈ ಗೋಪುರಗಳಲ್ಲಿ ನೀರಿನ ಒತ್ತಡ ತಗ್ಗುತ್ತಿತ್ತು, ಕೆಸರು ತಳದಲ್ಲಿ ನಿಲ್ಲುತ್ತಿತ್ತು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ನೆಲದಡಿಯ ಕಾಲುವೆಯೊಂದಿದೆ. ಅದರ ನೆತ್ತಿಯ ಮೇಲೆ ಸಾಲಾಗಿ ಬಾವಿಯಂಥ ಬಾಯಿಗಳಿವೆ. ಶತಮಾನಗಳ ಹೂಳು ತುಂಬಿದ್ದ ಆ ಕಾಲುವೆಯನ್ನು ಈಚಿನ ವರ್ಷಗಳಲ್ಲಿ ಶುಚಿಗೊಳಿಸಲು ಸಾಧ್ಯವಾದದ್ದು ಕಟ್ಟಿದವರು ಆ ಬಾಯಿಗಳನ್ನು ಬಿಟ್ಟುಹೋಗಿದ್ದರಿಂದಲೇ.

ಬಯಲುಸೀಮೆಯವರಾದ ನಮಗೆ ದೋಣಿಯ ಮಾತು ದೂರವೆನಿಸೀತು. ಆದರೂ ಈ ಕಷ್ಟವನ್ನು ನಮಗಿಂತ ಚೆನ್ನಾಗಿ ಬಲ್ಲವರು ದೋಣಿಯವರು. ಮರದ ದೋಣಿಯಲ್ಲಿ ತಳದ ಮೇಲಿನ ಹಲಗೆಗಳನ್ನು ಮೊಳೆ ಹೊಡೆಯದೆ ಸುಮ್ಮನೆ ಹಾಸಿರುತ್ತಾರೆ. ನೀರು ಜಿನುಗಿದರೆ ಹಲಗೆ ಎತ್ತಿ ನೋಡಬಹುದು. ಫೈಬರ್ ದೋಣಿಗಳು ಬಂದ ಮೇಲೆ ಹಲವೆಡೆ ಮೊದಲು ಕೊಳವೆಗಳನ್ನು ಜೋಡಿಸಿ, ಅದರ ಮೇಲೆ ಒಳಗಿನ ಅಚ್ಚನ್ನು ಇಡಿಯಾಗಿ ಕೂರಿಸಿಬಿಡುವ ಪದ್ಧತಿ ಬಂತು. ಹತ್ತಿಪ್ಪತ್ತು ವರ್ಷ ಕಳೆದು ಒಳಗಿನ ಕೀಲು ಸಡಿಲವಾದಾಗ ಅಲ್ಲಿಗೆ ಕೈಯೇ ಹೋಗದು. ತಿಳಿದ ಕೆಲಸಗಾರರು ಆಗ ಇಡೀ ಅಚ್ಚನ್ನು ಕೀಳುವುದಿಲ್ಲ. ಹಿಂದೆ ಏನೂ ತಾಗದ ಸ್ಥಳವನ್ನು ಗುರುತಿಸಿ, ಕೈ ಹಿಡಿಸುವಷ್ಟು ದುಂಡನೆಯ ರಂಧ್ರ ಕೊರೆದು, ರಿಪೇರಿ ಮುಗಿಸಿ, ಅದಕ್ಕೆ ತಿರುಪಿನ ಮುಚ್ಚಳ ಹಾಕುತ್ತಾರೆ. ಎರಡನೆಯ ಸಲ ಕೊರೆಯುವ ಕೆಲಸವಿಲ್ಲ.

ನಮ್ಮ ಮನೆಗಳಿಗೂ ಇದೇ ಉಪಾಯ ಸಲ್ಲುತ್ತದೆ. ಮೊದಲು ಸೋರಿಕೆ ಉಂಟೇ ಎಂದು ತಿಳಿಯಬೇಕು. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮೇಲಿನ ತೊಟ್ಟಿಗೆ ಬರುವ ನೀರನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿದರೆ ಸಾಕು. ಸ್ಥಳ ಹುಡುಕುವುದು ಮಾತ್ರ ಕಠಿನ, ಏಕೆಂದರೆ ತೇವ ಕಂಡಲ್ಲಿಯೇ ತೂತು ಇರಬೇಕೆಂದಿಲ್ಲ. ನಮ್ಮ ಶಾಲೆಯಲ್ಲಿ ಮಕ್ಕಳು ಕೈ ತೊಳೆಯುವ ಕಟ್ಟೆಯ ಗೋಡೆ ಬುಡದಲ್ಲಿ ನೆನೆಯುತ್ತಿತ್ತು. ಸಂಜೆ ತುಂಬಿಸಿದ ತೊಟ್ಟಿ ಬೆಳಗಾಗುವಷ್ಟರಲ್ಲಿ ಅರ್ಧವಾಗಿರುತ್ತಿತ್ತು. ಕಟ್ಟಿದವರು ನಕ್ಷೆಯನ್ನು ಬಿಟ್ಟುಹೋಗಿರಲಿಲ್ಲ. ಮೇಸ್ತ್ರಿ ತೇವವಿದ್ದಲ್ಲಿ ಅಗೆದರೆ ಕೊಳವೆ ಗಟ್ಟಿಯಾಗಿತ್ತು. ಎರಡನೆಯ ಗುಂಡಿಯಲ್ಲಿಯೂ ಏನೂ ಇಲ್ಲ. ಕೊನೆಗೆ ಆರು ಅಡಿ ಆಚೆ, ಒಣಗಿದಂತೆ ಕಾಣುತ್ತಿದ್ದ ಎಡೆಯಲ್ಲಿ, ಮೊಣಕೈ ಕೀಲೊಂದು ಬಿರಿದದ್ದು ಕಂಡಿತು. ನೀರು ಕೊಳವೆಯ ಮೈಗುಂಟ ಕೊರೆದ ಸಂದಿನಲ್ಲಿಯೇ ಹರಿದು ತಗ್ಗಿನಲ್ಲಿ ಹೊರಬೀಳುತ್ತಿತ್ತು. ಅಂದಿನಿಂದ ಆ ಕೊಳವೆ ಗೋಡೆಯ ಹೊರಗಿದೆ. ನೋಟಕ್ಕೆ ಅಷ್ಟಕ್ಕಷ್ಟೆ, ಆದರೆ ತೊಟ್ಟಿಯ ನೀರು ಉಳಿಯುತ್ತದೆ.

ಹೊಸದಾಗಿ ಮನೆ ಕಟ್ಟುವವರು ಗಾರೆ ಬಳಿಯುವ ಮುನ್ನವೇ ಕೊಳವೆಯಲ್ಲಿ ಒತ್ತಡದಿಂದ ನೀರು ತುಂಬಿಸಿ, ಬಾಯಿಗಳನ್ನು ಬಿಗಿದು, ಒಂದು ಹಗಲಾದರೂ ನಿಲ್ಲಿಸಿ ಪರೀಕ್ಷಿಸಬೇಕು. ಕೀಲುಗಳು ಆದಷ್ಟು ಒಂದೇ ಕಡೆ ಸೇರುವಂತೆ ಮಾಡಿ, ಅಲ್ಲಿ ಒಂದು ಕಿಂಡಿ ಬಿಟ್ಟು, ತಿರುಪು ಬಿಚ್ಚಿದರೆ ತೆಗೆಯಬಹುದಾದ ಮುಚ್ಚಳ ಹಾಕಿಸಬೇಕು. ಸ್ನಾನದ ಮನೆಯ ಬೆನ್ನಿಗೆ ಕಪಾಟಿದ್ದರೆ ಆ ಕಪಾಟಿನ ಹಿಂಬದಿಯೇ ಒಳ್ಳೆಯ ಸ್ಥಳ. ಟೈಲ್ಸ್‌ಗೆ ಕುಂದಿಲ್ಲ, ನೆಂಟರಿಗೆ ಕಾಣುವುದೂ ಇಲ್ಲ. ಒಂದೊಂದು ಸ್ನಾನದ ಮನೆಗೂ ಪ್ರತ್ಯೇಕವಾಗಿ ನೀರು ನಿಲ್ಲಿಸುವ ವಾಲ್ವ್ ಇದ್ದರೆ ಒಂದರ ರಿಪೇರಿಗೆ ಮನೆಯೆಲ್ಲ ಒಣಗಬೇಕಾಗಿಲ್ಲ. ಮೇಸ್ತ್ರಿಗಳು ಇದನ್ನು ಅನಾವಶ್ಯಕ ಖರ್ಚೆಂದು ತಳ್ಳಿಹಾಕುವುದುಂಟು. ಅವರ ಮಾತಿಗೆ ಮಣಿಯಕೂಡದು. ಗೋಡೆ ಒಡೆಯುವಾಗ ಹಣ ಕೊಡುವವರು ಅವರಲ್ಲ.

ಇನ್ನು ನಕ್ಷೆಯ ವಿಷಯ. ಗೋಡೆ ತೆರೆದಿರುವಾಗಲೇ ಫೋಟೋ ತೆಗೆದಿಡುವುದು ಈಗ ಎಲ್ಲರಿಗೂ ಸುಲಭ. ಆದರೆ ಫೋನು ಕೆಡುತ್ತದೆ, ಕಳೆದೂ ಹೋಗುತ್ತದೆ. ಆದ್ದರಿಂದ ನೆಲದಿಂದ ಎಷ್ಟು ಅಡಿ, ಮೂಲೆಯಿಂದ ಎಷ್ಟು ಅಡಿ ಎಂಬುದನ್ನು ಕಾಗದದಲ್ಲಿಯೂ ಬರೆದು, ಕರೆಂಟಿನ ಮೀಟರ್ ಪೆಟ್ಟಿಗೆಯ ಬಳಿ ಅಂಟಿಸಿಡಬೇಕು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯುವುದು ಲೇಸು. ಇಪ್ಪತ್ತು ವರ್ಷದ ಮೇಲೆ ಬರುವ ಕೆಲಸಗಾರ ಯಾವ ಶಾಲೆಯಲ್ಲಿ ಓದಿದವನೋ ಹೇಳಲಾಗದು.