'ಅಯಾಕೋ' ಓದಬೇಕಾ, ಬೇಡ್ವಾ?

ಮಾಂಗಾ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನರುಟೊ, ಒನ್ ಪೀಸ್. ಸ್ವಲ್ಪ ಹಳೇದು ಗೊತ್ತಿರೋರಿಗೆ ಆಸ್ಟ್ರೋ ಬಾಯ್. ಆ ಪುಟ್ಟ ರೋಬೋ ಹುಡುಗನನ್ನು ಸೃಷ್ಟಿಸಿದ ಒಸಾಮು ತೆಜುಕಾ ಅವರೇ 1972-73ರಲ್ಲಿ 'ಬಿಗ್ ಕಾಮಿಕ್' ಅನ್ನೋ ದೊಡ್ಡವರ ಪತ್ರಿಕೆಗೆ 'ಅಯಾಕೋ' ಬರೆದರು ಅಂದ್ರೆ ನಂಬೋದು ಕಷ್ಟ. ಕೊಲೆ, ಅತ್ಯಾಚಾರ, ಒಂದೇ ಮನೆಯವರ ನಡುವಿನ ಲೈಂಗಿಕ ಸಂಬಂಧ ಎಲ್ಲಾ ಇದರಲ್ಲಿವೆ. ಇಂಥದ್ದು ಓದೋಕೆ ಆಗಲ್ಲ ಅನ್ನೋರು ಇಲ್ಲೇ ನಿಲ್ಲಿಸಬಹುದು, ತಪ್ಪೇನಿಲ್ಲ.

ತೆಜುಕಾ ಯಾಕೆ ಹೀಗೆ ಬದಲಾದರು? 1957ರಲ್ಲಿ ಯೊಶಿಹಿರೊ ತತ್ಸುಮಿ ತಮ್ಮ ಕಥೆಗಳಿಗೆ 'ಗೆಕಿಗಾ' ಅಂತ ಹೆಸರಿಟ್ಟರು. ಮಕ್ಕಳ ತಮಾಷೆ ಬಿಟ್ಟು ದೊಡ್ಡವರ ಕಷ್ಟ, ಕ್ರೌರ್ಯ ಹೇಳೋ ಚಿತ್ರಕಥೆ ಅದು. ಆ ಅಲೆ ಬೆಳೆದಾಗ ತೆಜುಕಾ ಕೂಡ ಆ ದಾರಿಗೆ ಬಂದರು.

ಕಥೆ 1949ರದ್ದು. ಯುದ್ಧ ಸೋತ ಜಪಾನ್ ಅಮೆರಿಕದ ಕೈಯಲ್ಲಿದೆ. ಭೂಸುಧಾರಣೆ ಬಂದು ಜಮೀನ್ದಾರರ ಹೊಲ ಗೇಣಿದಾರರ ಪಾಲಾಗ್ತಿದೆ. ತೆಂಗೆ ಅನ್ನೋ ಜಮೀನ್ದಾರ ಮನೆತನದ ಹಿರಿಮಗ, ಆಸ್ತಿ ತನಗೇ ಸಿಗಲಿ ಅಂತ ಹೆಂಡತಿಯನ್ನೇ ಅಪ್ಪನಿಗೆ ಒಪ್ಪಿಸಿದ್ದಾನೆ. ಹಾಗೆ ಹುಟ್ಟಿದ ಮಗು ಅಯಾಕೋ. ಎರಡನೇ ಮಗ ಜಿರೋ ಯುದ್ಧಕೈದಿಯಾಗಿ ಇದ್ದು ಮನೆಗೆ ಬರ್ತಾನೆ, ಆದ್ರೆ ಗುಟ್ಟಾಗಿ ಅಮೆರಿಕನ್ನರ ಗೂಢಚಾರ. ಅವನು ರಕ್ತದ ಅಂಗಿ ತೊಳೆಯೋದನ್ನ ನಾಲ್ಕು ವರ್ಷದ ಅಯಾಕೋ ನೋಡಿಬಿಡ್ತಾಳೆ. ಮನೆ ಮರ್ಯಾದೆ ಉಳೀಬೇಕಲ್ಲ! ಮಗು ಸತ್ತುಹೋಯ್ತು ಅಂತ ಊರಿಗೆ ಹೇಳಿ ಉಗ್ರಾಣದ ಕೆಳಗಿನ ನೆಲಮಾಳಿಗೆಯಲ್ಲಿ ಕೂಡಿಹಾಕ್ತಾರೆ, ಇಪ್ಪತ್ತಕ್ಕೂ ಹೆಚ್ಚು ವರ್ಷ.

ಇದು ಬರೀ ಕಲ್ಪನೆ ಅಲ್ಲ ಅನ್ನೋದೇ ನಮ್ಮನ್ನು ಹಿಡಿದಿಟ್ಟಿದ್ದು. 1949ರ ಜುಲೈನಲ್ಲಿ ಜಪಾನ್ ರೈಲ್ವೆಯ ಮುಖ್ಯಸ್ಥ ಸದಾನೊರಿ ಶಿಮೊಯಾಮಾ ಕಾಣೆಯಾಗಿ, ಮರುದಿನ ಹಳಿ ಮೇಲೆ ಹೆಣವಾಗಿ ಸಿಕ್ಕರು. ಸಾವಿರಾರು ನೌಕರರನ್ನು ಕೆಲಸದಿಂದ ತೆಗೆಯೋ ಹೊತ್ತು ಅದು. ಕೊಲೆಯೋ, ಆತ್ಮಹತ್ಯೆಯೋ, ಇಂದಿಗೂ ಇತ್ಯರ್ಥವಾಗಿಲ್ಲ. ಜಿರೋನ ಕಥೆಯ ಹಿಂದೆ ಇದೇ ಘಟನೆಯ ನೆರಳಿದೆ. ಅಂದ್ರೆ ದೇಶವೇ ಮುಚ್ಚಿಟ್ಟ ಸತ್ಯಕ್ಕೆ ತೆಜುಕಾ ಒಂದು ನೆಲಮಾಳಿಗೆ ಕಟ್ಟಿ, ಒಳಗೆ ಒಂದು ಮಗುವನ್ನು ಕೂರಿಸಿದ್ದಾರೆ.

ಇಷ್ಟು ಚೆನ್ನಾಗಿ ಯೋಚಿಸಿದವರು ಅಯಾಕೋಗೆ ಮಾತ್ರ ಮೋಸ ಮಾಡಿದ್ದಾರೆ ಅನ್ಸುತ್ತೆ. ಅಣ್ಣಂದಿರ ದುರಾಸೆ, ಭಯ, ಪಾಪಪ್ರಜ್ಞೆ ಪುಟಗಟ್ಟಲೆ ಸಿಗುತ್ತೆ. ಆ ಕತ್ತಲಲ್ಲಿ ಅವಳು ಏನು ಯೋಚಿಸಿದಳು? ಹೆಚ್ಚು ಗೊತ್ತಾಗಲ್ಲ. ಬದಲಿಗೆ ಅವಳು ಬೆಳೆದ ಮೇಲೆ ಚಿತ್ರಗಳು ಅವಳ ಮೈ ಮೇಲೇ ನಿಲ್ತವೆ. ಮನೆಯವರು ಅವಳನ್ನು ವಸ್ತುವಿನ ಹಾಗೆ ನೋಡಿದ್ದನ್ನು ಬೈಯುವ ಪುಸ್ತಕವೇ ಅವಳನ್ನು ಹಾಗೇ ನೋಡುತ್ತೆ. 'ಕಾಲ ಹಾಗಿತ್ತು' ಅನ್ನೋ ಸಮಾಧಾನ ನಮಗೆ ಒಪ್ಪಿಗೆಯಿಲ್ಲ. ಅದೇ 1972ರಲ್ಲಿ ಇದೇ ಮನುಷ್ಯ 'ಬುದ್ಧ' ಕೂಡ ಶುರು ಮಾಡಿದ್ದರು, ಕರುಣೆ ಅವರಿಗೆ ಗೊತ್ತಿಲ್ಲದ್ದೇನಲ್ಲ.

ಒಂದು ಕಡೆ ಮಾತ್ರ ಅವಳು ನಿಜವಾಗಿ ಕಾಣ್ತಾಳೆ. ಹೊರಗೆ ಬಂದ ಮೇಲೂ ಬಯಲು ಕಂಡ್ರೆ ಹೆದರಿ, ಪೆಟ್ಟಿಗೆಯೊಳಗೆ ಅಡಗಿಕೊಳ್ಳೋಕೆ ಹುಡುಕ್ತಾಳೆ. ಆ ಭಾಗಕ್ಕಾದರೂ ಓದಿ ಅಂತೀವಿ.

ಇಂಗ್ಲಿಷ್ ಅನುವಾದ 2010ರಲ್ಲಿ ಬಂತು, ಸುಮಾರು 700 ಪುಟ. ತೆಂಗೆ ಮನೆಯವರ ಹಳ್ಳಿ ಮಾತಿಗೆ ಅದರಲ್ಲಿ ಅಮೆರಿಕದ ದಕ್ಷಿಣದವರ ಇಂಗ್ಲಿಷ್ ಹಾಕಿದ್ದಾರೆ, ಓದುವಾಗ ಜಪಾನ್ ಮರೆತೇಹೋಗುತ್ತೆ. ಕನ್ನಡಕ್ಕೆ ತಂದ್ರೆ ಅವರ ಬಾಯಿಗೆ ಯಾವ ಸೀಮೆ ಮಾತು ಹಾಕೋದು ಅಂತ ನಾವಿನ್ನೂ ಜಗಳ ಆಡ್ತಿದೀವಿ.