ಚದರಡಿ ರೇಟು, ಟ್ಯಾಂಕರ್ ಲೆಕ್ಕ

ಭಾನುವಾರ ಬೆಳಗ್ಗೆ ಬೆಂಗಳೂರಿನ ಹೊರವಲಯದ ಯಾವ ಸ್ಯಾಂಪಲ್ ಫ್ಲ್ಯಾಟಿಗೆ ಹೋದರೂ ಕಿವಿಗೆ ಬೀಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಚದರಡಿಗೆ ಎಷ್ಟು? ಬಾಗಿಲು ಪೂರ್ವಕ್ಕಿದೆಯಾ? ಮೆಟ್ರೊ ಎಷ್ಟು ದೂರ? ಮೊಬೈಲಿನ ದಿಕ್ಸೂಚಿ ಹಿಡಿದು ಮೂಲೆ ಮೂಲೆ ಅಳೆಯುವವರೂ ಇರುತ್ತಾರೆ. ಸಂಪು ಈಶಾನ್ಯದಲ್ಲೇ ಇರಬೇಕು ಎಂದು ಪಟ್ಟು ಹಿಡಿಯುವ ಅವರೇ, ಆ ಸಂಪಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವುದನ್ನು ಮರೆಯುತ್ತಾರೆ.

2024ರ ಮಾರ್ಚ್ ಈ ಮರೆವಿಗೆ ಬಿದ್ದ ಪೆಟ್ಟು. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದರು. ಟ್ಯಾಂಕರ್‌ಗಳ ದರ ಕೈಮೀರಿದಾಗ ಜಿಲ್ಲಾಡಳಿತ ಬೆಲೆ ಕಟ್ಟಿತು: 5 ಕಿ.ಮೀ. ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ.

ಈ ದರವನ್ನೇ ಹಿಡಿದು ಒಂದು ಲೆಕ್ಕ ಹಾಕಬಹುದು. ನೂರು ಮನೆಗಳ ಅಪಾರ್ಟ್‌ಮೆಂಟು, ಮನೆಗೆ ನಾಲ್ಕು ಜನ. ನಗರವಾಸಿಗೆ ದಿನಕ್ಕೆ 135 ಲೀಟರ್ ಬೇಕು ಎನ್ನುವುದು ಸರ್ಕಾರಿ ಅಳತೆ. ಅಲ್ಲಿಗೆ ದಿನಕ್ಕೆ 54,000 ಲೀಟರ್, ಅಂದರೆ ನಾಲ್ಕೂವರೆ ಟ್ಯಾಂಕರ್. ಪೂರ್ತಿ ಟ್ಯಾಂಕರನ್ನೇ ನಂಬಿದರೆ ತಿಂಗಳಿಗೆ 1.35 ಲಕ್ಷ ರೂಪಾಯಿ. ಪ್ರತಿ ಮನೆಯ ಪಾಲಿಗೆ 1,350. ಇದು ಸರ್ಕಾರ ನಿಗದಿ ಮಾಡಿದ ದರದಲ್ಲಿ, ಹತ್ತಿರದಲ್ಲೇ ನೀರು ಸಿಕ್ಕಾಗಿನ ಮಾತು. ಕೋಟಿ ರೂಪಾಯಿ ಫ್ಲ್ಯಾಟು ಕೊಂಡು 30,000ಕ್ಕೆ ಬಾಡಿಗೆಗೆ ಕೊಟ್ಟವರಿಗೆ ವರ್ಷಕ್ಕೆ ಗಿಟ್ಟುವುದು ಬಂಡವಾಳದ ಶೇ. 3.6. ಅದರಲ್ಲಿ ಮೇಂಟೆನೆನ್ಸ್, ತೆರಿಗೆ ಕಳೆಯಬೇಕು. ಏಪ್ರಿಲ್‌ನಲ್ಲಿ ನಲ್ಲಿ ಒಣಗಿತೆಂದು ಬಾಡಿಗೆದಾರ ಗಂಟುಮೂಟೆ ಕಟ್ಟಿ, ಮನೆ ಎರಡು ತಿಂಗಳು ಖಾಲಿ ಬಿತ್ತೆಂದರೆ 60,000 ಹೋಯಿತು. ಕಂತು ಮಾತ್ರ ನಿಲ್ಲುವುದಿಲ್ಲ.

ಇದಕ್ಕೆ ಕಾವೇರಿಯೇ ಉತ್ತರ ಎನ್ನುವುದು ಸೇಲ್ಸ್‌ನವರ ಸಿದ್ಧ ಮಾತು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಪೂರೈಕೆಯ ಐದನೇ ಹಂತ ಉದ್ಘಾಟನೆಯಾಗಿದ್ದು, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು ಎಂಬುದು ನಿಜ. ಆದರೆ ಆ ನೀರು ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಾಗಿ ಬರಬೇಕು. ರಸ್ತೆಯಲ್ಲಿ ಪೈಪು ಬಂದ ಮಾತ್ರಕ್ಕೆ ಸಂಪು ತುಂಬುವುದೂ ಇಲ್ಲ.

ತಲೆ ಮೇಲೆ ಬೀಳುವ ನೀರನ್ನೇ ನಂಬಿ ಬದುಕಿದ ಉದಾಹರಣೆ ನಗರದ ನಡುವೆಯೇ ಇದೆ. ವಿಜಯನಗರದಲ್ಲಿರುವ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ ‘ಸೌರಭ’ ಮೂರು ದಶಕಗಳಿಂದ ಮಳೆನೀರಿನಲ್ಲೇ ನಡೆದಿದೆ. ಮನೆ ಕಟ್ಟುವ ಮೊದಲು ಅವರು ಕೂತದ್ದು ಹಳೆಯ ಮಳೆ ದಾಖಲೆಗಳ ಮುಂದೆ. ಒಂದು ಒಳ್ಳೆ ಮಳೆಗೂ ಇನ್ನೊಂದಕ್ಕೂ ನಡುವೆ ಹೆಚ್ಚೆಂದರೆ ನೂರು ದಿನದ ಅಂತರ. ಮನೆಗೆ ದಿನಕ್ಕೆ ಬೇಕಾದ್ದು ಸುಮಾರು 400 ಲೀಟರ್. ತೊಟ್ಟಿಗಳ ಗಾತ್ರ ಈ ಲೆಕ್ಕದಿಂದಲೇ ಹುಟ್ಟಿತು. ಮಹಡಿಯ ನೀರು ಇಳಿಯುವ ಪೈಪಿಗೆ ಸಿಕ್ಕಿಸುವ ಪುಟ್ಟ ಫಿಲ್ಟರನ್ನೂ ಅವರೇ ರೂಪಿಸಿದರು. ಕಸ ಕಟ್ಟಿಕೊಂಡರೆ ಅದರ ಸೋಸುವ ಭಾಗ ತಾನಾಗಿ ಮೇಲೇಳುತ್ತದೆ, ಮಹಡಿಯ ಮೇಲೆ ನೀರು ನಿಲ್ಲುವುದಿಲ್ಲ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಮಳೆ. ಥರ್ಟಿ ಫಾರ್ಟಿ ಸೈಟಿನ ಮೇಲೆ ಬೀಳುವುದೇ ಒಂದು ಲಕ್ಷ ಲೀಟರಿಗೂ ಮಿಕ್ಕಿ. ಆದರೆ ಹತ್ತು ಅಂತಸ್ತಿನ ಕಟ್ಟಡದಲ್ಲಿ ಅದೇ ಮಹಡಿ ಹತ್ತು ಮನೆಗೆ ಪಾಲು! ಹಾಗಾಗಿ ಅಪಾರ್ಟ್‌ಮೆಂಟಿನಲ್ಲಿ ಮಳೆಕೊಯ್ಲಿನ ಬೋರ್ಡಿಗಿಂತ ಮುಖ್ಯವಾದ ಪ್ರಶ್ನೆ ಬೇರೆ: ಕೊಳಚೆ ಶುದ್ಧೀಕರಣ ಘಟಕ ದಿನಾ ಓಡುತ್ತಿದೆಯೇ, ಅದರ ನೀರು ಫ್ಲಶ್ಶಿಗೆ ಹೋಗುತ್ತಿದೆಯೇ? ಮೂಗಿದ್ದವರಿಗೆ ಅರ್ಧ ಉತ್ತರ ಬೇಸ್‌ಮೆಂಟಿನಲ್ಲೇ ಸಿಗುತ್ತದೆ.

ಬ್ರೋಷರಿನ ಹಸಿರು ಎಲೆಯ ಗುರುತಿಗೂ ಬೆಲೆಯಿದೆ, ಸ್ವಲ್ಪ ಕೆದಕಿದರೆ. ‘ಗೃಹ’, ಐಜಿಬಿಸಿಯಂಥ ಹಸಿರು ಕಟ್ಟಡದ ರೇಟಿಂಗ್‌ಗಳಲ್ಲಿ ನಕ್ಷೆ ನೋಡಿ ಮುಂಚಿತವಾಗಿ ಕೊಡುವ ಪತ್ರ ಬೇರೆ, ಕಟ್ಟಿ ಮುಗಿದ ಮೇಲೆ ಸಿಗುವುದು ಬೇರೆ. ಪಡುವಣ ಬಿಸಿಲಿಗೆ ಎದೆಯೊಡ್ಡಿ ನಿಂತ ಗಾಜಿನ ಗೋಡೆಯ ಎ.ಸಿ. ಬಿಲ್ಲನ್ನು ಯಾವ ಎಲೆಯೂ ಕಟ್ಟುವುದಿಲ್ಲ. ಗೋಡೆಯಲ್ಲೇ ಹಸಿರು ಹುಡುಕುವವರಿಗೆ ದಾರಿ ಹೊಸದೇನಲ್ಲ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ ಒತ್ತುವ, ಸುಡದ ಇಟ್ಟಿಗೆಯನ್ನು ದಶಕಗಳ ಹಿಂದೆಯೇ ಬಳಕೆಗೆ ತಂದಿತ್ತು. ಆ ಇಟ್ಟಿಗೆಯ ಮನೆಗಳು ನಗರದಲ್ಲಿ ಸಾಕಷ್ಟಿವೆ; ಫ್ಲ್ಯಾಟ್ ಮಾರುವವರ ಬಾಯಲ್ಲಿ ಮಾತ್ರ ಅದರ ಸುದ್ದಿಯಿಲ್ಲ.

ನೀರಿನ ವಿಷಯದಲ್ಲಿ ಎಲ್ಲ ಸರಿಯಾಗಿ ಮಾಡಿದವರೂ ಸೋಲುವುದುಂಟು. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಇಂಗುಬಾವಿಗಳನ್ನು ತೋಡಿ, ನೀರಿನ ಶಿಸ್ತಿಗೆ ಹೆಸರಾಗಿತ್ತು. 2022ರ ಸೆಪ್ಟೆಂಬರ್ ಮಳೆಗೆ ಅದೇ ಬಡಾವಣೆ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಹೊರಬರಬೇಕಾಯಿತು. ನೀರಿಗೆ ಕಾಂಪೌಂಡ್ ಗೋಡೆಯ ಗಡಿ ಗೊತ್ತಿಲ್ಲ, ಅದು ಹಳೆಯ ಕೆರೆ-ಕಾಲುವೆಯ ದಾರಿಯನ್ನೇ ಹುಡುಕುತ್ತದೆ. ಆ ದಾರಿ ಕೊಳ್ಳುವವರಿಗೂ ಕಾಣುವಂತಿದೆ: ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ಸೈಟಿನಲ್ಲಿ ನಿಂತರೆ, ಕಾಲಡಿಯ ಸರ್ವೆ ನಂಬರಿನೊಂದಿಗೆ ಗ್ರಾಮ ನಕ್ಷೆಯ ಕೆರೆ, ರಾಜಕಾಲುವೆಗಳೂ ಮೂಡುತ್ತವೆ. ಪುಕ್ಕಟೆ.

ರೇರಾ ನೋಂದಣಿ, ಇ-ಖಾತಾ, ಓಸಿ ಇವನ್ನೆಲ್ಲ ವಕೀಲರು ನೋಡಿಕೊಳ್ಳುತ್ತಾರೆ. ಅವರು ನೋಡದ ದಾಖಲೆ ಒಂದುಂಟು. ಈಗಾಗಲೇ ಜನ ವಾಸವಿರುವ ಅಪಾರ್ಟ್‌ಮೆಂಟಾದರೆ, ಗೇಟಿನ ವಾಚ್‌ಮನ್ ಮೇಜಿನ ಮೇಲೆ, ದಾರ ಕಟ್ಟಿದ ಪೆನ್ನಿನ ಪಕ್ಕದಲ್ಲಿ ಅದು ಬಿದ್ದಿರುತ್ತದೆ. ಪೇಪರ್ ಹುಡುಗ, ಕೊರಿಯರ್, ಗ್ಯಾಸ್ ಎಲ್ಲ ಅದರಲ್ಲಿ ದಾಖಲು. ಕಳೆದ ಏಪ್ರಿಲ್ ತಿಂಗಳ ಪುಟ ತಿರುವಿ, ಬೆಳಗಿನ ಜಾವ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ‘ವಾಟರ್ ಟ್ಯಾಂಕರ್’ ಎಂದು ಎಷ್ಟು ಸಲ ಬರೆದಿದೆ ಎಂದು ಎಣಿಸಿದರಾಯಿತು.