ಒಬ್ಬರ ಪಾಲಿನ ಬಾಳೆಹಣ್ಣಿನ ರಸಾಯನ

ಊಟದ ಕೊನೆಗೆ ಒಂದಿಷ್ಟು ಸಿಹಿ ಇರಬೇಕೆಂಬುದು ನಮ್ಮಲ್ಲಿ ಅನೇಕರ ಅಭ್ಯಾಸ. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಎಲೆಗೆ ಬಡಿಸುವ ರಸಾಯನವು ಇಂಥ ಸಿಹಿಗಳಲ್ಲಿ ತೀರ ಸರಳವಾದದ್ದು. ಮಾಗಿದ ಹಣ್ಣು, ತೆಂಗಿನ ಹಾಲು, ಬೆಲ್ಲ, ಏಲಕ್ಕಿ, ಇಷ್ಟೇ ಅದರ ಸಾಮಗ್ರಿ. ಒಲೆ ಹಚ್ಚುವ ಅಗತ್ಯವಿಲ್ಲ. ಉತ್ತರ ಕರ್ನಾಟಕದ ಸೀಕರಣೆಯೂ ಇದರ ಸಮೀಪದ ಬಂಧು; ಅಲ್ಲಿ ತೆಂಗಿನ ಹಾಲಿನ ಬದಲು ಹಸುವಿನ ಹಾಲು, ಬೆಲ್ಲದ ಬದಲು ಸಕ್ಕರೆ.

ಈ ತಿನಿಸು ಕರಾವಳಿಯವರೊಡನೆ ಮುಂಬಯಿಗೂ ಹೋಯಿತು. ಅಲ್ಲಿನ ಫೋರ್ಟ್ ಪ್ರದೇಶದ ಕೋಟೆಗೋಡೆಗಳನ್ನು 1860ರ ದಶಕದಲ್ಲಿ ಕೆಡವಲಾಯಿತಾದರೂ ಹೆಸರು ಉಳಿದುಕೊಂಡಿದೆ. ಹಗಲು ಹೋಟೆಲು, ಕ್ಯಾಂಟೀನು, ಕಚೇರಿಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ತರುಣರ ಹಲವು ಪೀಳಿಗೆಗಳನ್ನು ಫೋರ್ಟ್ ಕಂಡಿದೆ. ಮನೆಮಂದಿಯನ್ನು ಊರಿನಲ್ಲಿ ಬಿಟ್ಟು ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿ ವಾಸಿಸುವವರು ಮುಂಬಯಿಯಲ್ಲಿ ಇಂದಿಗೂ ಕಡಿಮೆಯಿಲ್ಲ. ಇಂಥವರಿಗೆ ಊಟದ ಮೇಲಿನ ಸಿಹಿಯೆಂದರೆ ಸಾಮಾನ್ಯವಾಗಿ ಅಂಗಡಿಯ ಜಿಲೇಬಿ, ಐಸ್‌ಕ್ರೀಮು, ಇಲ್ಲವೇ ಸಕ್ಕರೆ ಬೆರೆಸಿದ ಹಣ್ಣಿನ ರಸ.

ಇದು ರುಚಿಯ ವಿಷಯ ಮಾತ್ರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ಹಳ್ಳಿಗಳಿಗಿಂತ ನಗರಗಳಲ್ಲಿ ಅದರ ಪ್ರಮಾಣ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ, ದಿನಕ್ಕೆ 2,000 ಕ್ಯಾಲೊರಿ ಆಹಾರ ಸೇವಿಸುವವರು ಹೊರಗಿನಿಂದ ಬೆರೆಸಿದ ಸಕ್ಕರೆಯನ್ನು 50 ಗ್ರಾಂಗಿಂತ ಕಡಿಮೆ ಮಾಡಬೇಕು. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ಬೆಲ್ಲ, ಜೇನುತುಪ್ಪ, ಹಿಂಡಿದ ಹಣ್ಣಿನ ರಸ ಇವೆಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಅಗಿದು ತಿನ್ನುವ ಇಡೀ ಹಣ್ಣಿನೊಳಗಿನ ಸಕ್ಕರೆ ಮಾತ್ರ ಸೇರುವುದಿಲ್ಲ. ಬೆಲ್ಲವು ಸಕ್ಕರೆಯಲ್ಲವೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ, ಅದು ಸರಿಯಲ್ಲ.

ರಸಾಯನದಲ್ಲಿ ತೊಡಕಿರುವುದು ಬೆಲ್ಲದ ಅಳತೆಯಲ್ಲಿ. ಕಾಲು ಬಟ್ಟಲು ಪುಡಿಬೆಲ್ಲವೆಂದರೆ ಸುಮಾರು 50 ಗ್ರಾಂ. ಹತ್ತು ಮಂದಿಯ ಪಂಕ್ತಿಗೆ ಮಾಡಿದಾಗ ಒಬ್ಬೊಬ್ಬರಿಗೆ ಬರುವುದು ಸ್ವಲ್ಪವೇ. ಆದರೆ ಒಂಟಿಯಾಗಿರುವವರು ಮನೆಯ ಅಳತೆಯಲ್ಲೇ ಕಲಸಿದರೆ, ಅದು ಉಳಿಯುವ ಪದಾರ್ಥವಲ್ಲವಾದ್ದರಿಂದ, ಎಲ್ಲವನ್ನೂ ತಾವೇ ತಿಂದು ಮುಗಿಸಬೇಕಾಗುತ್ತದೆ. ಮುಂಬಯಿಯ ಸೆಕೆಗೆ ತೆಂಗಿನ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಹೆಚ್ಚಿದ ಬಾಳೆಹಣ್ಣು ಗಾಳಿ ತಾಗಿ ಕಪ್ಪಾಗುತ್ತದೆ.

ಒಬ್ಬರಿಗೆ ಎರಡು ಪುಟ್ಟ ಏಲಕ್ಕಿ ಬಾಳೆಹಣ್ಣು ಸಾಕು. ಮುಂಬಯಿಯಲ್ಲಿ ಇದನ್ನು ವೇಲ್ಚಿ ಎಂದು ಕೇಳಿ ಕೊಳ್ಳಬಹುದು. ಸಿಪ್ಪೆ ಸುಲಿದ ಮೇಲೆ ಎರಡೂ ಸೇರಿ ಹೆಚ್ಚುಕಡಿಮೆ 100 ಗ್ರಾಂ ತೂಗುತ್ತವೆ. ಸಿಪ್ಪೆ ಪೂರ್ತಿ ಹಳದಿಯಾಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡಿದ ಹಣ್ಣನ್ನು ಆರಿಸಬೇಕು. ಕಾಯಿಯಲ್ಲಿರುವ ಪಿಷ್ಟವು ಮಾಗುವಾಗ ಸಕ್ಕರೆಯಾಗಿ ಮಾರ್ಪಡುವುದರಿಂದ ಇಂಥ ಹಣ್ಣಿಗೆ ಬೆಲ್ಲವೇ ಬೇಕಾಗುವುದಿಲ್ಲ. ಹಣ್ಣನ್ನು ಬಿಲ್ಲೆಗಳಾಗಿ ಹೆಚ್ಚಿ, ಅರ್ಧದಷ್ಟನ್ನು ಚಮಚದಿಂದ ಕಿವುಚಿ, ಉಳಿದುದನ್ನು ಹಾಗೆಯೇ ಬಿಡಬೇಕು. ಎರಡು ಚಮಚ ತೆಂಗಿನ ತುರಿಗೆ ಸ್ವಲ್ಪ ಬಿಸಿನೀರು ಹಾಕಿ, ಹಿಂಡಿ ತೆಗೆದ ಹಾಲನ್ನು ಬೆರೆಸಬೇಕು. ಒಂದು ಏಲಕ್ಕಿಯ ಪುಡಿ, ಚಿಟಿಕೆಗಿಂತ ಕಡಿಮೆ ಉಪ್ಪು ಸೇರಿಸಿದರೆ ರಸಾಯನ ಸಿದ್ಧ. ಐದು ನಿಮಿಷದ ಕೆಲಸ.

ಏಲಕ್ಕಿಯ ಪರಿಮಳ ಮತ್ತು ಉಪ್ಪಿನ ಸುಳಿವು ಇರುವ ಸಿಹಿಯನ್ನೇ ಎತ್ತಿ ತೋರಿಸುತ್ತವೆ. ತಣ್ಣಗಿನ ಪದಾರ್ಥದಲ್ಲಿ ನಾಲಿಗೆಗೆ ಸಿಹಿ ಕಡಿಮೆಯಾಗಿ ತೋರುವುದರಿಂದ ಇದನ್ನು ಆಗಲೇ ಕಲಸಿ ತಿನ್ನುವುದು ಲೇಸು. ಶೀತಕ ಪೆಟ್ಟಿಗೆ ಇಲ್ಲದ ಕೋಣೆಯವರಿಗೆ ಇದೊಂದು ಅನುಕೂಲವೇ ಸರಿ. ಅಷ್ಟಾದರೂ ಸಪ್ಪೆಯೆನಿಸಿದರೆ ಒಂದು ಸಣ್ಣ ಚಮಚ, ಅಂದರೆ ಸುಮಾರು 5 ಗ್ರಾಂ ಬೆಲ್ಲ ಹಾಕಬಹುದು. ವಾರ ಕಳೆದಂತೆ ಅದನ್ನು ಅರ್ಧಕ್ಕಿಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ತೆಂಗಿನಕಾಯಿ ತುರಿಯುವ ಸೌಕರ್ಯವಿಲ್ಲದಿದ್ದರೆ ಹಾಲು ಅಥವಾ ಹುಳಿಯಿಲ್ಲದ ಮೊಸರನ್ನು ಬಳಸಬಹುದು. ಆದರೆ ಪಪ್ಪಾಯಿ, ಅನಾನಸುಗಳನ್ನು ಹಾಲು ಮೊಸರಿನಲ್ಲಿ ಕಲಸಿಡಬಾರದು. ಅವುಗಳಲ್ಲಿರುವ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಸ್ವಲ್ಪ ಹೊತ್ತಿಗೇ ಕಹಿಯಾಗುತ್ತದೆ. ಪಪ್ಪಾಯಿಗೆ ನಿಂಬೆರಸವೇ ಉತ್ತಮ ಜೊತೆ. ಅದರಲ್ಲಿ ಸಕ್ಕರೆಯ ಅಂಶವೂ ಬಾಳೆಹಣ್ಣಿಗಿಂತ ಕಡಿಮೆ, 100 ಗ್ರಾಂಗೆ ಸುಮಾರು 8 ಗ್ರಾಂ.

ಹಣ್ಣಿಗೆ ಫೋರ್ಟ್‌ನಲ್ಲಿ ಕೊರತೆಯಿಲ್ಲ. ಅದರ ಉತ್ತರದ ಅಂಚಿನಾಚೆಗೆ 1869ರಲ್ಲಿ ಕಟ್ಟಿ ಮುಗಿಸಿದ ಕ್ರಾಫರ್ಡ್ ಮಾರುಕಟ್ಟೆ, ಅಂದರೆ ಈಗಿನ ಮಹಾತ್ಮ ಜ್ಯೋತಿಬಾ ಫುಲೆ ಮಂಡಿಯಿದೆ. ಹಣ್ಣಿನ ಸಗಟು ವ್ಯಾಪಾರ 1996ರಲ್ಲಿ ನವಿ ಮುಂಬಯಿಗೆ ಸ್ಥಳಾಂತರಗೊಂಡರೂ ಚಿಲ್ಲರೆ ಅಂಗಡಿಗಳು ಇಲ್ಲಿ ಉಳಿದಿವೆ. ಕಾಲುದಾರಿಗಳಲ್ಲಿ ಹೆಚ್ಚಿ ತಟ್ಟೆಗೆ ತುಂಬಿಟ್ಟ ಹಣ್ಣು ಧೂಳು, ನೊಣಗಳಿಗೆ ತೆರೆದಿರುವುದರಿಂದ ಇಡೀ ಹಣ್ಣನ್ನೇ ಕೊಂಡು, ತೊಳೆದು, ತಾವೇ ಹೆಚ್ಚಿಕೊಳ್ಳುವುದು ಕ್ಷೇಮ.

ಮಧುಮೇಹಿಗಳು ಇದನ್ನು ಸಕ್ಕರೆಯಿಲ್ಲದ ತಿನಿಸೆಂದು ಭಾವಿಸತಕ್ಕದ್ದಲ್ಲ. ಎರಡು ಪುಟ್ಟ ಬಾಳೆಹಣ್ಣುಗಳಲ್ಲಿ 20 ಗ್ರಾಂಗೂ ಮೀರಿ ಶರ್ಕರಪಿಷ್ಟವಿದೆ. ಅವರು ಆಗತಾನೇ ಹಣ್ಣಾದ ಒಂದನ್ನು ಮಾತ್ರ ಬಳಸಿ, ಆ ಹೊತ್ತಿನ ಅನ್ನವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಬೇಕು. ಮೂತ್ರಪಿಂಡದ ತೊಂದರೆಯುಳ್ಳವರು ಬಾಳೆಹಣ್ಣಿನ ಪೊಟ್ಯಾಸಿಯಂ ಕಾರಣದಿಂದ ಮೊದಲೇ ವೈದ್ಯರನ್ನು ಕೇಳಬೇಕು. ಮಾವಿನ ಕಾಲದಲ್ಲಿ ಬಾಳೆಹಣ್ಣಿನ ಬದಲು ಅರ್ಧ ಮಾವಿನಹಣ್ಣನ್ನು ಇದೇ ಕ್ರಮದಲ್ಲಿ ಬಳಸಬಹುದು. ಬೆಲ್ಲವನ್ನು ಆಗ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.